ಸಮುದ್ರಕ್ಕೆ ಸುರಿದ ಉಗಿ

ನಾನು ಏನು ಕೆಲಸ ಮಾಡುತ್ತೇನೆ ಎಂದು ಡಲ್ಲಾಸ್ ಪಕ್ಕದ ಫ್ರಿಸ್ಕೋದ ನಮ್ಮ ಕನ್ನಡದ ಜನ ಕೇಳಿದರೆ ಮೊದಮೊದಲು ನಿಜ ಹೇಳುತ್ತಿದ್ದೆ. ಉಗಿಹಡಗಿನ ಇಂಧನ ಉಳಿಸುವ ಕೆಲಸ. ಅಷ್ಟು ಹೇಳಿದರೆ ಸಾಕು, ಗಂಡಸರಿಗೆ ನಗು ಬರುತ್ತಿತ್ತು. ಈ ಕಾಲದಲ್ಲೂ ಉಗಿಹಡಗು ಇದೆಯಾ, ಕಲ್ಲಿದ್ದಲು ಸುರಿಯುವವರು ಯಾರು ಎಂದು ಶುರುವಾಗುತ್ತಿತ್ತು. ಹೆಂಗಸರು ಮಾತ್ರ, ವಾರವೆಲ್ಲ ಹ್ಯೂಸ್ಟನ್ನಿನಲ್ಲಿ ಒಬ್ಬರೇ ಇರುತ್ತೀರಂತೆ, ಪಾಪ ಇವರ ಊಟಕ್ಕೇನು ಗತಿ ಎಂದು ನನ್ನ ಗಂಡನ ಕಡೆ ನೋಡಿ ಕೇಳುತ್ತಿದ್ದರು. ಆಮೇಲಾಮೇಲೆ ನಾನೂ ಆಯಿಲ್ ಆಂಡ್ ಗ್ಯಾಸ್ ಎಂದಷ್ಟೇ ಹೇಳಿ ಮುಗಿಸತೊಡಗಿದೆ. ಆ ಉತ್ತರಕ್ಕೆ ಟೆಕ್ಸಸ್‌ನಲ್ಲಿ ಯಾರೂ ನಗುವುದಿಲ್ಲ.

ಉಗಿಹಡಗು ಇದೆ ಸ್ವಾಮಿ. ಕಲ್ಲಿದ್ದಲಿನದಲ್ಲ. ನೈಸರ್ಗಿಕ ಅನಿಲವನ್ನು ಕೊರೆಯುವಷ್ಟು ತಣ್ಣಗೆ ಮಾಡಿ, ದ್ರವವಾಗಿಸಿ, ಟ್ಯಾಂಕುಗಳಲ್ಲಿ ತುಂಬಿಕೊಂಡು ಸಮುದ್ರ ದಾಟುವ ದೊಡ್ಡ ಹಡಗುಗಳಿವೆಯಲ್ಲ, ಅವುಗಳಲ್ಲಿ ಹಳೆಯವು ಇಂದಿಗೂ ಉಗಿಯಲ್ಲೇ ಓಡುತ್ತವೆ. ಟ್ಯಾಂಕಿಗೆ ಎಷ್ಟು ದಪ್ಪದ ಹೊದಿಕೆ ಹಾಕಿದರೂ ಒಳಗಿನ ದ್ರವ ದಿನಾಲೂ ಸ್ವಲ್ಪ ಸ್ವಲ್ಪ ಆವಿಯಾಗುತ್ತಲೇ ಇರುತ್ತದೆ. ಆ ಅನಿಲವನ್ನು ಹಾಗೇ ಗಾಳಿಗೆ ಬಿಡುವಂತಿಲ್ಲ. ಬಾಯ್ಲರಿನಲ್ಲಿ ಉರಿಸಿ, ನೀರನ್ನು ಉಗಿ ಮಾಡಿ, ಆ ಉಗಿಯಿಂದ ಟರ್ಬೈನ್ ತಿರುಗಿಸಿ ಹಡಗು ನಡೆಸುತ್ತಾರೆ, ದೀಪಗಳಿಗೆ ಕರೆಂಟೂ ಆ ಉಗಿಯಿಂದಲೇ. ಅದು ಸಾಲದಿದ್ದರೆ ಮೇಲಿಷ್ಟು ಎಣ್ಣೆ ಉರಿಸುತ್ತಾರೆ. ಎಣ್ಣೆ ಬೇಕಾದರೆ ನಿಲ್ಲಿಸಬಹುದು, ಅನಿಲ ಹುಟ್ಟುವುದನ್ನು ನಿಲ್ಲಿಸಲು ಬರುವುದಿಲ್ಲ. ಇಷ್ಟು ತಿಳಿದಿದ್ದರೆ ಮುಂದಿನ ನನ್ನ ಕರ್ಮವೆಲ್ಲ ಅರ್ಥವಾಗುತ್ತದೆ.

ನಾನು ಧಾರವಾಡದವಳು. ಮೆಕ್ಯಾನಿಕಲ್ ಓದುವಾಗ ಬಾಯ್ಲರ್ ಲ್ಯಾಬಿನಲ್ಲಿ ಹುಡುಗಿ ಅಂತ ಇದ್ದದ್ದು ನಾನೊಬ್ಬಳೇ. ಗಂಡ ಮೈಸೂರಿನವರು, ಸಾಫ್ಟ್‌ವೇರ್, ಮನೆ ಫ್ರಿಸ್ಕೋದಲ್ಲಿ. ನನ್ನ ಆಫೀಸು ಹ್ಯೂಸ್ಟನ್ನಿನಲ್ಲಿ. ಬೇರೆಯವರ ಹಡಗುಗಳನ್ನು ನಡೆಸಿಕೊಡುವ ಒಂದು ಮಧ್ಯಮ ಗಾತ್ರದ ಕಂಪನಿ ಅದು. ಸೋಮವಾರ ಬೆಳಿಗ್ಗೆ ಡ್ರೈವ್ ಮಾಡಿಕೊಂಡು ಹೋಗಿ ಶುಕ್ರವಾರ ಸಂಜೆ ವಾಪಸ್ಸು ಬರುವುದು. ಕಂಪನಿಯ ಉಳಿದ ಹಡಗುಗಳೆಲ್ಲ ಡೀಸೆಲ್ ಎಂಜಿನ್ನಿನವು. ಉಗಿಯದು ಉಳಿದಿದ್ದದ್ದು ಒಂದೇ ಒಂದು, ಅದನ್ನು ಬಲ್ಲವಳೆಂದು ಆಫೀಸಿನಲ್ಲಿ ಉಳಿದಿದ್ದವಳು ನಾನೊಬ್ಬಳು.

ಆ ಹಡಗಿಗೆ ಗಂಡಾಂತರ ಬಂದದ್ದು ದರ್ಜೆಯ ರೂಪದಲ್ಲಿ. ಈಗ ಪ್ರತಿ ಹಡಗಿಗೂ ವರ್ಷಕ್ಕೊಮ್ಮೆ ದರ್ಜೆ ಕೊಡುತ್ತಾರೆ. ಒಂದು ಮೈಲಿ ಸಾಗಲು ಎಷ್ಟು ಇಂಗಾಲದ ಹೊಗೆ ಉಗುಳಿತು ಎಂಬುದರ ಮೇಲೆ ಪಾಸು, ಫೇಲು. ನಮ್ಮದು ಕಟ್ಟಕಡೆಯ ದರ್ಜೆಯಲ್ಲಿತ್ತು. ಹಡಗನ್ನು ಬಾಡಿಗೆಗೆ ಹಿಡಿದಿದ್ದ ಕಂಪನಿಯವರು, ವರ್ಷದ ಕೊನೆಗೆ ದರ್ಜೆ ಮೇಲೇರದಿದ್ದರೆ ಕರಾರು ಮುಂದುವರಿಸುವುದಿಲ್ಲ ಎಂದರು. ಹಾಗಾದರೆ ಗುಜರಿಗೆ ಹಾಕುತ್ತೇನೆ ಎಂದ ಮಾಲೀಕ. ನನ್ನ ಬಾಸ್ ಬಾಗಿಲು ಹಾಕಿಕೊಂಡು, ಹಡಗು ಹೋದರೆ ನಿನ್ನ ಕುರ್ಚಿಯೂ ಹೋಗುತ್ತದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಒಳ್ಳೆಯದೇ ಆಯಿತು, ಸುತ್ತಿ ಬಳಸಿ ಹೇಳಿದ್ದರೆ ಇನ್ನೂ ಸಿಟ್ಟು ಬರುತ್ತಿತ್ತು.

ಹಡಗಿನ ಚೀಫ್ ಇಂಜಿನಿಯರ್ ಗದಗಿನವರು. ಹಡಗು ಹ್ಯೂಸ್ಟನ್ನಿನ ದಕ್ಷಿಣಕ್ಕಿರುವ ಅನಿಲದ ಬಂದರಿಗೆ ಬಂದಾಗ ಹೋಗಿ ನೋಡಿದೆ. ಮೀಸೆ ಬೆಳ್ಳಗಾದ, ಮಾತಿಗೆ ಮುಂಚೆ ಚಹಾ ಕೊಡುವ ಮನುಷ್ಯ. ನಾನು ಧಾರವಾಡದವಳೆಂದು ತಿಳಿದದ್ದೇ ಅವರ ಇಂಗ್ಲಿಷ್ ಅಲ್ಲಿಗೇ ನಿಂತಿತು. ಆಮೇಲೆ ಇಡೀ ವರ್ಷ ನಮ್ಮ ಜಗಳವೆಲ್ಲ ಕನ್ನಡದಲ್ಲೇ ನಡೆಯಿತು.

ಮೊದಲ ಜಗಳ ಗಾಳಿಯ ಮೇಲೆ. ಹಳೆಯ ಉಗಿ ಇಂಜಿನಿಯರುಗಳಿಗೆ ಚಿಮಣಿಯಿಂದ ಕಪ್ಪು ಹೊಗೆ ಕಾಣಿಸುವುದೆಂದರೆ ಮರ್ಯಾದೆ ಹೋದ ಹಾಗೆ. ಬಂದರಿನವರು ಬೈಯುತ್ತಾರೆ, ಕ್ಯಾಪ್ಟನ್ ಫೋನ್ ಮಾಡುತ್ತಾನೆ. ಹಾಗಾಗಿ ಬಾಯ್ಲರಿನ ಬೆಂಕಿಗೆ ಬೇಕಾದ್ದಕ್ಕಿಂತ ಒಂದು ಕೈ ಹೆಚ್ಚೇ ಗಾಳಿ ಬಿಡುವುದು ಅವರ ರೂಢಿ. ಹೊಗೆ ಕಾಣಿಸುವುದಿಲ್ಲ ನಿಜ, ಆದರೆ ಆ ಹೆಚ್ಚಿನ ಗಾಳಿ ಸುಮ್ಮನೆ ಬಿಸಿಯಾಗಿ, ಬಾಯ್ಲರಿನ ಶಾಖವನ್ನು ಹೊತ್ತುಕೊಂಡು ಚಿಮಣಿಯಿಂದ ಹೊರಗೆ ಹೋಗುತ್ತದೆ. ಗಾಳಿ ಕಡಿಮೆ ಮಾಡಿ ಎಂದೆ. ಮೂವತ್ತು ವರ್ಷ ಹೀಗೇ ಉರಿಸಿಕೊಂಡು ಬಂದಿದ್ದೇನೆ ಎಂದರು ಚೀಫ್. ಮೂವತ್ತು ವರ್ಷ ಆಕಾಶ ಕಾಯಿಸಿದ್ದೀರಿ ಎಂದೆ ನಾನು. ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅವರೇ ಫೋನ್ ಮಾಡಿ, ಸ್ವಲ್ಪ ಇಳಿಸಿದ್ದೇನೆ, ಹೊಗೆ ಬಂದಿಲ್ಲ, ಇನ್ನೂ ಇಳಿಸಲೇ ಎಂದು ಕೇಳಿದರು.

ಆಮೇಲೆ ಕಂಡೆನ್ಸರ್. ಟರ್ಬೈನ್ ತಿರುಗಿಸಿ ಬಂದ ಉಗಿ ಸಮುದ್ರದ ನೀರಿನ ತಂಪಿಗೆ ಮತ್ತೆ ನೀರಾಗುವ ದೊಡ್ಡ ಪೆಟ್ಟಿಗೆ ಅದು. ಅದರೊಳಗೆ ಗಾಳಿಯೇ ಇರಬಾರದು. ಎಲ್ಲಿಂದಲೋ ಸಣ್ಣಗೆ ಗಾಳಿ ನುಗ್ಗಿದರೂ ಟರ್ಬೈನಿನ ಶಕ್ತಿ ಕುಂದುತ್ತದೆ. ಆ ಸಂದು ಹುಡುಕಲು ಅವರಲ್ಲಿ ಒಂದು ಹಳೇ ಉಪಾಯವಿದೆ. ಪೈಪಿನ ಜೋಡಣೆಗಳಿಗೆಲ್ಲ ಶೇವಿಂಗ್ ಫೋಮ್ ಬಳಿಯುವುದು. ಎಲ್ಲಿ ನೊರೆ ಒಳಕ್ಕೆ ಎಳೆದುಕೊಳ್ಳುತ್ತದೋ ಅಲ್ಲಿ ಸಂದು. ಹಡಗಿನವರ ಡಬ್ಬಿಗಳೆಲ್ಲ ಖಾಲಿಯಾಗಿ, ಗಡ್ಡ ಬಿಟ್ಟುಕೊಂಡು ಓಡಾಡತೊಡಗಿದರು. ನಾನು ಹ್ಯೂಸ್ಟನ್ನಿನ ಅಂಗಡಿಯಿಂದ ಒಂದು ಕಾರ್ಟ್ ತುಂಬ ಶೇವಿಂಗ್ ಫೋಮ್ ತಂದು ಬಂದರಿಗೆ ಮುಟ್ಟಿಸಿದೆ. ಬಿಲ್ಲು ಹಾಕುವ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಕ್ಕದ್ದು ನಾನು ಆವತ್ತೊಂದು ದಿನ.

ಸೋರುತ್ತಿದ್ದ ಉಗಿ ಪೈಪುಗಳನ್ನು ಬದಲಾಯಿಸಿದರು, ಮಸಿ ಉಜ್ಜಿದರು, ಯಾರಿಗೂ ಬೇಡದ ಮೂಲೆಗಳಲ್ಲಿ ತೆವಳಿದರು. ಬೇಸಿಗೆಯ ಹೊತ್ತಿಗೆ ನಾನು ಬಯಸಿದ್ದು ಆಯಿತು. ಮೊದಲು ಅನಿಲದ ಜೊತೆ ಎಣ್ಣೆಯನ್ನೂ ಉರಿಸಿ ಓಡುತ್ತಿದ್ದ ವೇಗದಲ್ಲೇ ಹಡಗು ಈಗ ಬರೀ ತನ್ನ ಟ್ಯಾಂಕಿನ ಅನಿಲದಿಂದ ಓಡಿತು. ಎಣ್ಣೆ ಒಂದು ಹನಿ ಬೇಕಾಗಲಿಲ್ಲ. ಹುಟ್ಟಿದ ಅನಿಲ ಹುಟ್ಟಿದ ಹಾಗೇ ಕೆಲಸಕ್ಕೆ ಬಂತು, ವ್ಯರ್ಥವಾಗಲಿಲ್ಲ. ಆ ಪ್ರಯಾಣದ ಲೆಕ್ಕದಲ್ಲಿ ದರ್ಜೆ ಮೇಲೇರಿತ್ತು. ಇದೇ ರೀತಿ ವರ್ಷದ ಕೊನೆಯವರೆಗೆ ಓಡಿಸಿದರೆ ಗೆದ್ದೆವು ಎಂದು ಬಾಸ್‌ಗೆ ಹೇಳಿದೆ. ಅವರು ನನ್ನ ಕೈ ಕುಲುಕಿದರು.

ಆಗ ಬಂದ ನೋಡಿ ಆಸ್ಟಿನ್ನಿನವನು.

ಬಾಡಿಗೆ ಕಂಪನಿಯವರು ತಮ್ಮ ಹಡಗುಗಳೆಲ್ಲ ಯಾವ ವೇಗದಲ್ಲಿ ಓಡಬೇಕೆಂದು ಹೇಳುವ ಒಂದು ಸಾಫ್ಟ್‌ವೇರ್ ತೆಗೆದುಕೊಂಡರು. ಅದನ್ನು ಮಾಡಿದ್ದು ಆಸ್ಟಿನ್ನಿನ ಒಂದು ಕಂಪನಿ. ಅದನ್ನು ತಂದು ತೋರಿಸಿದವನು ಬೆಂಗಳೂರಿನವನು, ನಲವತ್ತರ ಹತ್ತಿರದ ವಯಸ್ಸು, ಬಿಳಿ ಶೂ, ಒಳ್ಳೆಯ ಮಾತುಗಾರ. ಹಿಂದೆ ಡಲ್ಲಾಸ್ ಹತ್ತಿರದ ಇರ್ವಿಂಗ್‌ನಲ್ಲಿದ್ದಾಗ ನನ್ನ ಗಂಡನಿಗೆ ಕನ್ನಡ ಸಂಘದಲ್ಲಿ ಪರಿಚಯವಾಗಿದ್ದವನಂತೆ. ಅವನ ಕಂಪ್ಯೂಟರ್ ತೆರೆಯ ಮೇಲೆ ನಿಧಾನ ಓಡಿದರೆ ಹಸಿರು, ಜೋರಾಗಿ ಓಡಿದರೆ ಕೆಂಪು. ಡೀಸೆಲ್ ಹಡಗಿಗೆ ಅದು ನೂರಕ್ಕೆ ನೂರು ಸರಿ. ನಿಧಾನ ಹೋದರೆ ಎಣ್ಣೆ ಉಳಿಯುತ್ತದೆ, ಉಳಿದ ಎಣ್ಣೆ ಟ್ಯಾಂಕಿನಲ್ಲೇ ಇರುತ್ತದೆ. ನಮ್ಮ ಹಡಗಿಗೂ ಅದೇ ಅಪ್ಪಣೆ ಬಂತು, ವೇಗ ಇಳಿಸಿ ಎಂದು.

ವೇಗ ಇಳಿಸಿದರೆ ಅನಿಲ ಹುಟ್ಟುವುದು ಇಳಿಯುತ್ತದೆಯೇ? ಅದಕ್ಕೇನು ಗೊತ್ತು ನಿಮ್ಮ ತೆರೆಯ ಬಣ್ಣ! ಅದು ಹುಟ್ಟುತ್ತಲೇ ಇರುತ್ತದೆ, ಬಾಯ್ಲರ್ ಉರಿಸುತ್ತಲೇ ಇರಬೇಕು, ಉಗಿ ಆಗುತ್ತಲೇ ಇರುತ್ತದೆ. ಟರ್ಬೈನಿಗೆ ಬೇಡವಾದ ಉಗಿಯನ್ನು ನೇರ ಕಂಡೆನ್ಸರಿಗೆ ಬಿಟ್ಟು, ಅದರ ಬಿಸಿಯನ್ನೆಲ್ಲ ಸಮುದ್ರದ ನೀರಿಗೆ ಚೆಲ್ಲಬೇಕು. ಬೇರೆ ದಾರಿಯಿಲ್ಲ. ಹೊಗೆ ಅಷ್ಟೇ, ಸಾಗಿದ ಮೈಲಿ ಮಾತ್ರ ಕಡಿಮೆ. ಅಂದರೆ ದರ್ಜೆ ಮತ್ತೆ ಕೆಳಕ್ಕೆ. ಇದಕ್ಕಿಂತ ಹೊಟ್ಟೆ ಉರಿಸುವ ಸಂಗತಿಯೆಂದರೆ, ನಾವು ಬಾಯ್ಲರನ್ನೂ ಕಂಡೆನ್ಸರನ್ನೂ ಎಷ್ಟು ಚೆನ್ನಾಗಿ ತಿದ್ದಿದ್ದೆವೋ ಅಷ್ಟೂ ಉಗಿ ಹೆಚ್ಚು ಉಳಿಯುತ್ತಿತ್ತು, ಉಳಿದದ್ದಷ್ಟೂ ಸಮುದ್ರಕ್ಕೆ ಹೋಗುತ್ತಿತ್ತು. ಚೀಫ್ ಒಂದು ದಿನ ಫೋನಿನಲ್ಲಿ ಹೇಳಿದ ಮಾತು ಕಿವಿಯಲ್ಲೇ ಇದೆ.

"ಮೇಡಂ, ತಿಂಗಳಗಟ್ಲೆ ಮೈ ಸುಟ್ಕೊಂಡು ಉಳಿಸಿದ್ದನ್ನ ಈಗ ಮೀನಕ್ಕ ಬಿಸಿನೀರು ಕಾಯಿಸಿ ಕೊಡಾಕತ್ತೀವಲ್ರಿ. ಹುಡುಗರು ನನ್ನ ಮಾರಿ ನೋಡ್ತಾರ. ಏನ್ ಹೇಳ್ಲಿ ಅವರಿಗೆ?"

ಬಾಡಿಗೆಗೆ ಹಿಡಿದವರು ಹೇಳಿದ ವೇಗದಲ್ಲಿ ಹಡಗು ಓಡಬೇಕು, ಅದು ಕರಾರು. ನಾನು ಮೇಲ್ ಬರೆದೆ, ಚಿತ್ರ ಬರೆದು ಕಳಿಸಿದೆ, ಫೋನ್ ಮಾಡಿದೆ. ಗೋಡೆಗೆ ಹೇಳಿದ ಹಾಗಾಯಿತು. ದಿನದ ಒಟ್ಟು ಇಂಧನ ಇಳಿದಿದೆಯಲ್ಲ ಎಂದು ಉತ್ತರ ಬರುತ್ತಿತ್ತು. ಎಣ್ಣೆಯನ್ನೂ ಉರಿಸುತ್ತಿದ್ದ ಹಳೇ ದಿನಗಳಿಗೆ ಹೋಲಿಸಿದರೆ ಇಳಿದಿತ್ತು, ನಿಜ. ದಿನದ ಮೈಲಿ ಅದಕ್ಕಿಂತ ಹೆಚ್ಚು ಇಳಿದಿದ್ದನ್ನು ನೋಡುವ ಕಣ್ಣು ಯಾರಿಗೂ ಇರಲಿಲ್ಲ. ತೆರೆ ಹಸಿರಾಗಿತ್ತು.

ದೀಪಾವಳಿಯ ಮುಂದಿನ ಭಾನುವಾರ ಗಂಡ ಅವನನ್ನೇ ಮನೆಗೆ ಊಟಕ್ಕೆ ಕರೆದರು. ಡಲ್ಲಾಸ್‌ಗೆ ಬಂದಿದ್ದಾನೆ, ಹಳೇ ಪರಿಚಯ, ಮಾತಾಡಿಕೊಂಡರೆ ನಿನಗೂ ಒಳ್ಳೆಯದು ಎಂದರು. ಬಿಸಿಬೇಳೆಬಾತ್ ನಾನೇ ಮಾಡಿದೆ, ಬಡಿಸಿದೆ. ಬಂದಿದ್ದ ನಾಲ್ಕು ಮನೆಯವರ ಮುಂದೆ ಅವನು ತಟ್ಟೆ ಹಿಡಿದುಕೊಂಡು ಹಡಗಿನ ಇಂಧನ ಉಳಿಸುವುದು ಹೇಗೆಂದು ವಿವರಿಸಿದ. ಎಲ್ಲರೂ ಗಂಭೀರವಾಗಿ ತಲೆದೂಗಿದರು. ಇದೇ ಮಾತಿಗೆ ಇವರೇ ನನ್ನ ಮುಂದೆ ಕಲ್ಲಿದ್ದಲಿನ ಜೋಕು ಮಾಡಿದವರು. ಹಳೇ ಹಡಗುಗಳೂ ಇವೆ, ಆಂಟಿಯ ಹತ್ತಿರ ಒಂದಿದೆ ಎಂದು ನನ್ನ ಕಡೆ ಕೈ ತೋರಿಸಿ ನಕ್ಕ. ಅವನಿಗೂ ನನಗೂ ಹತ್ತು ಹನ್ನೆರಡು ವರ್ಷದ ಅಂತರ ಇರಬಹುದು. ಆಫೀಸಿನಲ್ಲಿ ಮೇಡಂ, ಮನೆಗೆ ಬಂದರೆ ಆಂಟಿ. ಅಲ್ಲೇ, ಸ್ವಲ್ಪ ಜೋರು ದನಿಯಲ್ಲೇ, ಉಗಿ ಚೆಲ್ಲುವ ವಿಷಯ ಎತ್ತಿದೆ. ಅವನು ಕೇಳಿಸಿಕೊಂಡ, ಇಂಟರೆಸ್ಟಿಂಗ್ ಎಂದ, ತುಪ್ಪ ಹಾಕಿಸಿಕೊಂಡ.

ಎಲ್ಲರೂ ಹೋದ ಮೇಲೆ ಗಂಡ ಪಾತ್ರೆ ತೊಳೆಯುವ ಮೆಷಿನ್ನಿಗೆ ತಟ್ಟೆ ಜೋಡಿಸುತ್ತ, ಮನೆಗೆ ಬಂದವರ ಮುಂದೆ ಆ ಥರ ದನಿ ಎತ್ತಬಾರದಿತ್ತು ಎಂದರು. ಒಂದು ಹಳೇ ಹಡಗಿಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ, ಕೆಲಸ ಹೋದರೆ ಹೋಗಲಿ, ಹ್ಯೂಸ್ಟನ್ನಿನ ಓಡಾಟವಾದರೂ ತಪ್ಪುತ್ತದೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದೇ ನನಗೆ ಹೆಚ್ಚು ನೋವಾದದ್ದು. ಇಪ್ಪತ್ತೈದು ವರ್ಷ ಜೊತೆಗಿದ್ದವರಿಗೆ ನಾನು ಏನನ್ನು ಉಳಿಸಲು ಒದ್ದಾಡುತ್ತಿದ್ದೇನೆ ಎಂಬುದು ಓಡಾಟವಾಗಿ ಮಾತ್ರ ಕಂಡಿತ್ತು.

ಕಡೆಯ ಮೀಟಿಂಗ್ ಆಸ್ಟಿನ್‌ನಲ್ಲಿ. ಬಾಡಿಗೆ ಕಂಪನಿಯ ಇಬ್ಬರು, ನನ್ನ ಬಾಸ್, ಆಸ್ಟಿನ್ನಿನವನು, ನಾನು. ಚೀಫ್ ಸಮುದ್ರದ ಮಧ್ಯದಿಂದ ಫೋನಿನಲ್ಲಿದ್ದರು. ಬೇಸಿಗೆಯ ಆ ಒಂದು ಪ್ರಯಾಣವನ್ನೂ ನಂತರದ ನಿಧಾನ ಪ್ರಯಾಣಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ವರ್ಷದಲ್ಲಿ ಇನ್ನೂ ಎರಡು ಪ್ರಯಾಣಗಳಿವೆ, ಅನಿಲ ಪೂರ್ತಿ ಕೆಲಸಕ್ಕೆ ಬರುವ ವೇಗದಲ್ಲಿ ಓಡಲು ಬಿಡಿ, ದರ್ಜೆ ಏರುತ್ತದೆ ಎಂದೆ. ಸಣ್ಣ ಮಗುವಿಗೂ ತಿಳಿಯುವ ಚಿತ್ರ. ಬಾಡಿಗೆ ಕಂಪನಿಯ ಹೆಂಗಸಿಗೆ ತಿಳಿಯಿತು ಕೂಡ. ಅವಳು ಅವನ ಕಡೆ ತಿರುಗಿ, ಹಾಗಾದರೆ ನಿಮ್ಮ ತೆರೆ ಹಸಿರು ತೋರಿಸುವುದು ಏಕೆ ಎಂದು ಕೇಳಿದಳು.

ಅವನು ಒಂದು ಕ್ಷಣವೂ ತಡವರಿಸಲಿಲ್ಲ. ಹಳೆಯ ಹಡಗುಗಳಲ್ಲಿ ಅಂಕಿಗಳನ್ನು ಹಡಗಿನವರೇ ಕೈಯಾರೆ ಬರೆದು ಕಳಿಸುತ್ತಾರೆ, ಬೇಸಿಗೆಯ ಆ ಪ್ರಯಾಣದ ಅಂಕಿ ನಂಬಲು ಕಷ್ಟವಾಗುವಷ್ಟು ಚೆನ್ನಾಗಿದೆ, ಅಂಥದನ್ನು ನಮ್ಮ ಸಾಫ್ಟ್‌ವೇರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದ.

ಅಂದರೆ ಚೀಫ್ ಸುಳ್ಳು ಬರೆದರು ಎಂದು. ಅವರು ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದರು. ನಾನು ಎದ್ದು ನಿಂತು ಏನೇನು ಅಂದೆನೋ, ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಬಾಸ್ ನನ್ನ ಹೆಸರು ಹಿಡಿದು ಕರೆದು ಕೂರಿಸಿದರು. ಚೀಫ್ ಏನಾದರೂ ಹೇಳುತ್ತೀರಾ ಎಂದು ಆ ಹೆಂಗಸು ಕೇಳಿದಳು. ಎಂಜಿನ್ ರೂಮಿನ ಸದ್ದಿನ ನಡುವೆ ಅವರು ಇಂಗ್ಲಿಷಿನಲ್ಲಿ, ನನ್ನದು ಹೇಳುವುದೇನೂ ಇಲ್ಲ, ಯಾರಾದರೂ ಬಂದು ನೋಡಬಹುದು ಎಂದರು. ಯಾರೂ ಬರಲಿಲ್ಲ.

ಪಾರ್ಕಿಂಗ್‌ನಲ್ಲಿ ಆಸ್ಟಿನ್ನಿನವನು ನನ್ನ ಹಿಂದೆಯೇ ಓಡಿಬಂದ. ಸುತ್ತ ಯಾರೂ ಇರಲಿಲ್ಲ.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಪಾಯಿಂಟ್ ಕರೆಕ್ಟಾಗೇ ಇದೆ, ನಂಗೆ ನಿಮ್ಮ ಮನೇಲಿ ಹೇಳಿದಾಗ್ಲೇ ಗೊತ್ತಾಯ್ತು. ಆದ್ರೆ ಒಂದು ಹಡಗಿಗೋಸ್ಕರ ಮಾಡೆಲ್ ತಪ್ಪು ಅಂತ ಕ್ಲೈಂಟ್ ಮುಂದೆ ಹೇಳೋಕಾಗಲ್ಲ ಅಲ್ವಾ?"

"ನನ್ನ ತಪ್ಪು ಅಂತ ಹೇಳಿದ್ದಿದ್ರ ತಡ್ಕೊಳ್ತಿದ್ದೆನಪ್ಪ," ಎಂದೆ. "ಆ ಮನುಷ್ಯಾಗ ಸುಳ್ಳಗಾರ ಅಂದಿ. ಇನ್ನೊಮ್ಮೆ ನನ್ನ ಮನಿ ಹೊಸ್ತಿಲ ತುಳೀಬ್ಯಾಡ."

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಊಟ ಹಾಕಿದ ಆಂಟಿಯರು ಹೀಗೆ ಮಾತಾಡುವುದಿಲ್ಲವಲ್ಲ. ನಾನು ಕಾರು ಹತ್ತಿ ಹ್ಯೂಸ್ಟನ್ನಿನವರೆಗೂ ರೇಡಿಯೋ ಹಾಕದೆ ಹೋದೆ. ಅರ್ಧ ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಚೆನ್ನಾಗಿ ಅತ್ತೆ. ಬೈಗುಳ ಸಾಲದೆ ಬಂದ ಅಳು ಅದು.

ಉಳಿದ ಎರಡೂ ಪ್ರಯಾಣ ನಿಧಾನವಾಗಿಯೇ ನಡೆದವು. ವರ್ಷ ಮುಗಿಯಿತು, ದರ್ಜೆ ಕಟ್ಟಕಡೆಯಲ್ಲೇ ಉಳಿಯಿತು, ಕರಾರು ಮುಂದುವರಿಯಲಿಲ್ಲ. ಮಾಲೀಕ ಹಡಗನ್ನು ಗುಜರಾತಿನ ಕರಾವಳಿಯ ಹಡಗು ಒಡೆಯುವವರಿಗೆ ಮಾರಿದ. ನನಗೆ ನೋಟಿಸು ಬಂತು. ಹಡಗು ದಂಡೆ ಮುಟ್ಟುವವರೆಗೆ ನಾನು ಕೆಲಸದಲ್ಲಿರಬೇಕು, ಚೀಫ್ ಮತ್ತು ಅವರ ಹುಡುಗರೇ ಅದನ್ನು ಅಲ್ಲಿಗೆ ಮುಟ್ಟಿಸಬೇಕು ಎಂದು ತೀರ್ಮಾನವಾಯಿತು.

ಆ ಕೊನೆಯ ಪ್ರಯಾಣದ ಬಗ್ಗೆ ಯಾರಿಗೂ ಆಸಕ್ತಿಯಿರಲಿಲ್ಲ. ಆಸ್ಟಿನ್ನಿನ ತೆರೆಯಿಂದ ಹಡಗಿನ ಚುಕ್ಕೆ ತೆಗೆದುಹಾಕಿದ್ದರು. ವೇಗ ಎಷ್ಟು, ಎಣ್ಣೆ ಎಷ್ಟು ಎಂದು ಕೇಳಿದರೆ, ನೀನೇ ನೋಡಿಕೋ ಎಂದರು ಬಾಸ್. ಟ್ಯಾಂಕುಗಳಿಂದ ಅನಿಲವನ್ನು ಪೂರ್ತಿ ತೆಗೆದು ಒಣಗಿಸಿದ್ದರು. ಹುಟ್ಟುವ ಅನಿಲವೂ ಇಲ್ಲ, ಚೆಲ್ಲುವ ಉಗಿಯೂ ಇಲ್ಲ. ಬೇಕಾದಷ್ಟೇ ಎಣ್ಣೆ, ಬೇಕಾದಷ್ಟೇ ಬೆಂಕಿ. ನಿಧಾನ ಓಡಿದರೆ ಉಳಿತಾಯ ಎಂಬ ಅವನ ಲೆಕ್ಕ ಈಗ ಸರಿಯಾಯಿತು, ಹಡಗಿನ ಹೊಟ್ಟೆ ಖಾಲಿಯಾದ ಮೇಲೆ. ನಾನು ಮತ್ತು ಚೀಫ್ ದಿನಾಲೂ ಮಾತಾಡಿ, ಗಾಳಿ, ನೀರಿನ ಬಿಸಿ, ಕಂಡೆನ್ಸರ್ ಎಲ್ಲವನ್ನೂ ಮದುವೆಗೆ ಹೆಣ್ಣು ಸಿಂಗರಿಸುವ ಹಾಗೆ ತಿದ್ದಿದೆವು. ಯಾರಿಗಾಗಿ ಎಂದು ಇಬ್ಬರೂ ಕೇಳಲಿಲ್ಲ. ಆ ಹಡಗು ತನ್ನ ಆಯುಷ್ಯದಲ್ಲೇ ಅಷ್ಟು ಕಡಿಮೆ ಉರಿಸಿ ಅಷ್ಟು ಚೆನ್ನಾಗಿ ಓಡಿರಲಿಲ್ಲ. ಸಾಯುವುದಕ್ಕೆ ಹೋಗುವ ದಾರಿಯಲ್ಲಿ ಓಡಿತು. ಅದಕ್ಕೆ ದರ್ಜೆ ಕೊಡುವವರು ಯಾರೂ ಇರಲಿಲ್ಲ.

ದಂಡೆ ಹತ್ತಿಸಿದ್ದು ಅಲ್ಲಿಯ ಸಂಜೆಯ ಉಬ್ಬರದಲ್ಲಿ. ಫ್ರಿಸ್ಕೋದಲ್ಲಿ ಆಗ ಶನಿವಾರ ಬೆಳಿಗ್ಗೆ. ನಾನು ದೋಸೆ ಹಂಚಿನ ಮುಂದೆ ನಿಂತಿದ್ದೆ. ಚೀಫ್ ಫೋನ್ ಮಾಡಿದರು. ಹಡಗು ಕೆಸರಿನಲ್ಲಿ ಗಟ್ಟಿಯಾಗಿ ಕೂತಿದೆ, ಎಂಜಿನ್ ನಿಲ್ಲಿಸಿದ್ದೇನೆ, ಹುಡುಗರು ಪೆಟ್ಟಿಗೆ ಕಟ್ಟುತ್ತಿದ್ದಾರೆ ಎಂದರು. ದನಿ ಸರಿಯಾಗಿಯೇ ಇತ್ತು. ಹಿಂದೆ ಹಡಗಿನ ಎರಡೂ ಬಾಯ್ಲರುಗಳಿಗೆ ಗಾಳಿ ಊದುವ ಫ್ಯಾನುಗಳ ಸದ್ದು ಕೇಳಿಸುತ್ತಿತ್ತು. ಆ ಮನುಷ್ಯ ಅಲ್ಲಿಂದ ಫೋನ್ ಮಾಡುವ ಅಗತ್ಯವೇ ಇರಲಿಲ್ಲ, ಮುಂದೇನು ಮಾಡಬೇಕೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಕೇಳಿದರು.

"ಯಾವ ಬಾಯ್ಲರ್ ಮೊದಲ ಆರಿಸ್ಲಿ ಮೇಡಂ? ಎಡಗಡೆದೋ, ಬಲಗಡೆದೋ?"

ಯಾವುದಾದರೇನು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸ್ಟೋವ್ ಆಫ್ ಮಾಡಿದೆ. ಗಂಡ ಪೇಪರ್ ತಟ್ಟೆ ಹಿಡಿದು ನಿಂತಿದ್ದವರು ನನ್ನ ಮುಖ ನೋಡಿ ಸುಮ್ಮನೆ ಹೊರಗೆ ಹೋದರು.

"ಎಡಗಡೆದು ಮೊದಲ ಆರಿಸ್ರಿ," ಎಂದೆ. "ಬಲಗಡೆದು ಇನ್ನೂ ಸ್ವಲ್ಪ ಹೊತ್ತು ಉರೀಲಿ. ಹುಡುಗರು ಕೆಳಗ ಇಳಿಯೂತನಕ ಲೈಟ್ ಬೇಕಲ್ರಿ."

"ಹೌದ್ರಿ. ಆಮ್ಯಾಲೆ?"

"ಆಮ್ಯಾಲೆ ಅದನ್ನೂ ಆರಿಸ್ರಿ."